ಜ್ವರದ ಮಗು ಮಲಗಿದೆ ಅಂದರೆ ಎಬ್ಬಿಸಿ ನೋಡುತ್ತೇನೆ

ದಾವಣಗೆರೆ ಹತ್ತಿರ, ಭದ್ರಾ ನಾಲೆ ನೀರು ಹರಿಯುವ ಊರಲ್ಲಿ ನಾನು ಆಶಾ ಕಾರ್ಯಕರ್ತೆ. ಸುತ್ತ ಭತ್ತದ ಗದ್ದೆ. ನಾಟಿ ಆಗಿ ನೀರು ನಿಂತರೆ ಸೊಳ್ಳೆ ಶುರು. ಹಂದಿ, ಬೆಳ್ಳಕ್ಕಿಗಳಲ್ಲಿರುವ ಜಪಾನೀಸ್ ಮೆದುಳು ಜ್ವರದ ವೈರಸ್ಸನ್ನು ಕ್ಯುಲೆಕ್ಸ್ ಸೊಳ್ಳೆ ನಮ್ಮ ಮಕ್ಕಳಿಗೆ ತರುತ್ತದೆ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಜ್ವರ ಬಂದ ಹುಡುಗಿ ಬೆಳಗಿನಿಂದ ಮಲಗೇ ಇದ್ದಳು. "ಮಲಗಲಿ ಬಿಡಿ, ಸುಸ್ತಾಗಿರುತ್ತೆ" ಅಂದುಬಿಟ್ಟೆ. ರಾತ್ರಿ ಫಿಟ್ಸ್ ಬಂತು. ಬದುಕಿದಳು, ಆದರೆ ಇವತ್ತಿಗೂ ಬಲಗೈಯಲ್ಲಿ ಪೆನ್ನು ಹಿಡಿಯಲು ಆಗುವುದಿಲ್ಲ.

ಅಂದಿನಿಂದ ಥರ್ಮಾಮೀಟರ್ ತೆಗೆಯುವ ಮೊದಲೇ ಮಗುವನ್ನು ಎಬ್ಬಿಸಿ ಮಾತಾಡಿಸುತ್ತೇನೆ. ತಲೆನೋವು, ವಾಂತಿ, ಕತ್ತು ಬಗ್ಗಿಸಲು ಆಗದಿರುವುದು, ಎಲ್ಲ ಕೇಳುತ್ತೇನೆ. ಆದರೆ ಜಾಸ್ತಿ ನಂಬುವುದು, "ಇವನು ಯಾವಾಗಲೂ ಇರೋ ಹಾಗೆ ಇದಾನಾ?" ಅಂತ ಕೇಳಿದಾಗ ತಾಯಿ ಹೇಳುವ ಮಾತನ್ನು. ಹಸುಗೂಸಾದರೆ ನೆತ್ತಿ ಉಬ್ಬಿದೆಯಾ, ಹಾಲು ಬಿಟ್ಟಿದೆಯಾ ಅಂತ ನೋಡುತ್ತೇನೆ.

ಹೋದ ಮಳೆಗಾಲದಲ್ಲಿ ಏಳು ವರ್ಷದ ಹುಡುಗ ಗೋಡೆಗೆ ಒರಗಿ ಕೂತಿದ್ದ. ಜ್ವರ 101 ಅಷ್ಟೇ. ಮುಷ್ಟಿ ತುಂಬ ಮಂಡಕ್ಕಿ. "ತಿನ್ನಪ್ಪಾ" ಅಂದರೆ ಕೈಯನ್ನೇ ನೋಡುತ್ತಾನೆ, ಬಾಯಿಗೆ ಒಯ್ಯುವುದು ತಿಳಿಯುತ್ತಿಲ್ಲ. ಚಮಚ ತೋರಿಸಿದೆ, ಹೆಸರು ಬರಲಿಲ್ಲ. ಅಮ್ಮನನ್ನು "ಮಿಸ್" ಅಂದ. ನಿನ್ನೆ ಸಂಜೆಯಿಂದ ಹೀಗೇ ಅಂತೆ.

ಅಜ್ಜಿ ಗಾಳಿ ಸೋಕಿದೆ, ತಾಯತ ಕಟ್ಟಿಸೋಣ ಅಂದರು. "ಕಟ್ಟಿಸಿ ಅಜ್ಜಿ, ಆದರೆ ಮೊದಲು ಆಸ್ಪತ್ರೆ" ಅಂದು 108ಕ್ಕೆ ಫೋನ್ ಮಾಡಿದೆ. ದಾರಿಯಲ್ಲಿ ಫಿಟ್ಸ್ ಬಂತು. ಒಂದು ಮಗ್ಗುಲಿಗೆ ಹೊರಳಿಸಿದೆವು, ಟೈಮ್ ನೋಡಿಕೊಂಡೆ. ಚಿಕ್ಕಪ್ಪ ಹುಡುಗನ ಕೈಗೆ ಕೀ ಗೊಂಚಲು ಕೊಡಲು ಬಂದರು, ಬೇಡ ಅಂದೆ. ಬಾಯಿಗೂ ಏನೂ ಇಡಬಾರದು.

ಆಸ್ಪತ್ರೆಯಲ್ಲಿ ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆಯಬೇಕು ಅಂದಾಗ ಮನೆಯವರು ಹೆದರಿದರು, ಸೊಂಟ ಬಿದ್ದುಹೋಗುತ್ತೆ ಅಂತ. ಹಾಗೇನಿಲ್ಲ ಅಂತ ಕೂತು ಹೇಳಿದೆ. ರಿಪೋರ್ಟ್ ಬರುವ ಮೊದಲೇ ಡಾಕ್ಟರು ಎಸೈಕ್ಲೋವಿರ್ ಡ್ರಿಪ್ ಶುರು ಮಾಡಿದರು. ಹರ್ಪಿಸ್ ವೈರಸ್ಸಿಂದ ಬರುವ ಮೆದುಳು ಜ್ವರಕ್ಕೆ ಇದೇ ಔಷಧ, ತಡವಾದಷ್ಟೂ ಮೆದುಳಿಗೆ ಪೆಟ್ಟು. ಇವನದು ಅದೇ ಆಗಿತ್ತು. ಜಪಾನೀಸ್ ಜ್ವರದ ವೈರಸ್ಸಿಗೆ ಇಂಥ ಔಷಧ ಇಲ್ಲ. ಅದಕ್ಕೇ ಒಂಬತ್ತು ತಿಂಗಳಿಗೆ, ಆಮೇಲೆ ಒಂದೂವರೆ ವರ್ಷದ ಹೊತ್ತಿಗೆ ಲಸಿಕೆ ಹಾಕಿಸಿ ಅಂತ ಮನೆ ಮನೆಗೆ ತಿರುಗುತ್ತೇನೆ.

ಮೂರು ವಾರಕ್ಕೆ ಹುಡುಗ ಮನೆಗೆ ಬಂದ. ಕೆಲವು ಪದ ಇನ್ನೂ ತಡವರಿಸುತ್ತಾನೆ. ಹೋದಾಗೆಲ್ಲ ಅಡುಗೆಮನೆಯ ಒಂದೊಂದು ಸಾಮಾನು ಹಿಡಿದು ಕೇಳುತ್ತೇನೆ. ಮೊನ್ನೆ ಸ್ವಲ್ಪ ಹೊತ್ತು ಹುಡುಕಿ, "ಚಮಚ" ಅಂದ.