ನಾವಡರ ಕ್ಯಾಸೆಟ್‌ಗಳನ್ನು ಸರಿಯಾದ ಶ್ರುತಿಗೆ ತರುವುದು: ನನ್ನ ಅನುಭವ

ಯಕ್ಷಗಾನದ ಭಾಗವತ, ಅಂದರೆ ಹಾಡುಗಾರ, ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ. ಅವರನ್ನು ರಂಗಸ್ಥಳದಲ್ಲಿ ಕಾಣದ ಹುಡುಗರೂ ಇವತ್ತು ಅವರ ಧಾಟಿಯಲ್ಲೇ ಪದ್ಯ ಎತ್ತುತ್ತಾರೆ. ಆಟಕ್ಕೆ ಹೋದ ಅಭಿಮಾನಿಗಳು ಟೇಪ್‌ರೆಕಾರ್ಡರ್‌ನಲ್ಲಿ ತುಂಬಿಸಿಕೊಂಡು ಬಂದ ಕ್ಯಾಸೆಟ್‌ಗಳಿಗೆ ಅದರಲ್ಲಿ ದೊಡ್ಡ ಪಾಲಿದೆ. ಆ ಕ್ಯಾಸೆಟ್‌ಗಳ ವೇಗ ತಪ್ಪಿದ್ದರೆ ಕಲಿಯುವವರ ಕಿವಿಗೆ ಬೀಳುವುದು ಬೇರೆಯೇ ನಾವಡರು. ಉಡುಪಿಯಲ್ಲಿ ಈ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವಾಗ ನಾನು ಹೆಚ್ಚು ಹೊತ್ತು ಕೊಡುವುದು ವೇಗಕ್ಕೇ.

ಮೊದಲು ಬೂಷ್ಟು (ಶಿಲೀಂಧ್ರ). ನಮ್ಮ ಮಳೆಗಾಲದಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಹಿಡಿಯುತ್ತದೆ. ಅದನ್ನು ಹಾಗೇ ಹಾಕಿದರೆ ಹೆಡ್ (ಪ್ಲೇಯರಿನಲ್ಲಿ ಟೇಪನ್ನು ಓದುವ ಭಾಗ) ಕಟ್ಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮಾಸ್ಕ್ ಹಾಕಿ, ಹೊರಗೆ ಕೂತು ಒರೆಸಬೇಕು. ಹೆಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಟೇಪನ್ನು ಹೆಡ್ಡಿಗೆ ಒತ್ತುವ ಸ್ಪಂಜಿನ ಪ್ಯಾಡ್ ಉದುರಿದ್ದರೆ ಟೇಪನ್ನು ಐದು ಸ್ಕ್ರೂ ಇರುವ ಬೇರೆ ಕವಚಕ್ಕೆ ವರ್ಗಾಯಿಸುತ್ತೇನೆ. ಆಮೇಲೆ ಹೆಡ್ಡಿನ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂ: ಭಾಗವತರ ತಾಳದ ಸದ್ದು ಅತ್ಯಂತ ಸ್ಪಷ್ಟವಾಗಿ ಕೇಳುವವರೆಗೆ ತಿರುಗಿಸಬೇಕು, ಅದೂ ಪ್ರತಿ ಕ್ಯಾಸೆಟ್ಟಿಗೆ ಬೇರೆಬೇರೆಯಾಗಿ. ಡಾಲ್ಬಿ (ಟೇಪಿನ ಹಿಸ್ ಸದ್ದು ತಗ್ಗಿಸುವ ವ್ಯವಸ್ಥೆ) ಬೇಡ. 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲಾಗಿ ತೆಗೆದುಕೊಳ್ಳುತ್ತೇನೆ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ. ಚೆಂಡೆ ಯಾವಾಗ ಏರುತ್ತದೆ ಎಂದು ಹೇಳಲಾಗದು, ಹಾಗಾಗಿ ರೆಕಾರ್ಡಿಂಗ್ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳುತ್ತೇನೆ.

ಈಗ ವೇಗ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಬಯಲಾಟಕ್ಕೆ ಒಯ್ದ ಟೇಪ್‌ರೆಕಾರ್ಡರ್ ಓಡುವುದು ಬ್ಯಾಟರಿಯಲ್ಲಿ. ಬ್ಯಾಟರಿ ಸೋತಂತೆ ಮೋಟಾರು ನಿಧಾನವಾಗುತ್ತದೆ; ಅದನ್ನು ಸರಿ ವೇಗದಲ್ಲಿ ನುಡಿಸಿದರೆ ಸ್ವರ ಏರುತ್ತದೆ. ಸುಮಾರು 6 ಶೇಕಡಾ ವ್ಯತ್ಯಾಸವಾದರೆ ಅರ್ಧ ಸ್ವರವೇ ಮೇಲೆ ಹೋಯಿತು. ನಾವಡರ ಏರುಶ್ರುತಿಯನ್ನು ಹಾಡಿ ತೋರಿಸಲು ಗಂಟಲು ಹರಿದುಕೊಳ್ಳುವ ಎಳೆಯರಿಗೆ ಇದನ್ನು ಹೇಳಲೇಬೇಕು: ಅದರಲ್ಲಿ ಒಂದಷ್ಟು ಬ್ಯಾಟರಿಯದ್ದು.

ಆಟದ ಮೈಕಿನಿಂದ ಟೇಪಿಗೆ ಸೇರಿಕೊಂಡ ಕರೆಂಟಿನ ಗುಂಯ್ ಸದ್ದು ಇಲ್ಲಿ ಉಪಕಾರಿ. ಅದು 50 ಹರ್ಟ್ಸ್ ಇರಬೇಕು. 53 ತೋರಿಸಿದರೆ ಅಷ್ಟೇ ಪ್ರಮಾಣದಲ್ಲಿ ವೇಗ ಇಳಿಸುತ್ತೇನೆ. ಆದ್ದರಿಂದ ಆ ಸದ್ದನ್ನು ಮೊದಲೇ ಅಳಿಸಬಾರದು. ಪ್ರತಿಯ ಪ್ರತಿಯಾದರೆ ಎರಡು ಗುಂಯ್ ಅಕ್ಕಪಕ್ಕ ಕಾಣಿಸುತ್ತವೆ, ಯಾವುದು ಮೂಲ ಆಟದ್ದು ಎಂದು ಹುಡುಕಬೇಕು. ಜನರೇಟರಿನಲ್ಲಿ ನಡೆದ ಆಟವಾದರೆ ಅದನ್ನೂ ನಂಬುವಂತಿಲ್ಲ. ಆಗ ಉಳಿಯುವುದು ಹಾರ್ಮೋನಿಯಂ ಶ್ರುತಿ ಮಾತ್ರ: ಅದೇ ಮೇಳದ, ವೇಗ ಖಚಿತವಾದ ಇನ್ನೊಂದು ಕ್ಯಾಸೆಟ್ಟಿನ ಜೊತೆ ಹೋಲಿಸುತ್ತೇನೆ. ಬದಿಯ ಆರಂಭ, ನಡು, ಕೊನೆ ಮೂರೂ ಕಡೆ ಅಳೆಯಬೇಕು, ಯಾಕೆಂದರೆ ಬ್ಯಾಟರಿ ಒಮ್ಮೆಲೇ ಸೋಲುವುದಿಲ್ಲ.

ಗದ್ದಲ ತೆಗೆಯುವ ಸಾಫ್ಟ್‌ವೇರನ್ನು ನಾನು ಮುಟ್ಟುವುದೇ ಕಡಿಮೆ. ಅದು ಮದ್ದಲೆಯ ನಾದವನ್ನೂ ನಾವಡರ ಉಸಿರನ್ನೂ ಒಟ್ಟಿಗೆ ಒರೆಸಿಬಿಡುತ್ತದೆ. ಪ್ರೇಕ್ಷಕರ ಶಿಳ್ಳೆ, ಮೈಕಿನ ಪ್ರಕಟಣೆ ಇರಲಿ; ಊರು, ಪ್ರಸಂಗ ಗೊತ್ತಾಗುವುದು ಎಷ್ಟೋ ಸಲ ಅಲ್ಲಿಂದಲೇ. ಮೂಲ ಫೈಲನ್ನು ತಿದ್ದದೆ ಎರಡು ಕಡೆ ಇಟ್ಟು, ಪ್ರಸಂಗ, ಮೇಳ, ಹಿಮ್ಮೇಳದವರ ಹೆಸರು, ಇಳಿಸಿದ ವೇಗದ ಶೇಕಡಾ ಬರೆದಿಡುತ್ತೇನೆ. ವರ್ಷ ಗೊತ್ತಿಲ್ಲದಿದ್ದರೆ ಅಂದಾಜು ಹಾಕದೆ ಆ ಜಾಗ ಖಾಲಿ ಬಿಡುತ್ತೇನೆ.