ಹೆಲಿಸ್ಕೀಯಿಂಗ್‌ಗೆ ಹೊರಡುವ ಮುನ್ನ

ಚಿತ್ರದುರ್ಗದಿಂದ ಮನಾಲಿಗೋ ಗುಲ್ಮಾರ್ಗ್‌ಗೋ ಹೆಲಿಸ್ಕೀಯಿಂಗ್‌ಗೆ (ಹೆಲಿಕಾಪ್ಟರ್‌ನಲ್ಲಿ ಬೆಟ್ಟದ ಮೇಲಿಳಿದು ಅಲ್ಲಿಂದ ಹಿಮದಲ್ಲಿ ಸ್ಕೀ ಮೇಲೆ ಜಾರಿಕೊಂಡು ಇಳಿಯುವ ಕ್ರೀಡೆ) ಹೋಗಬೇಕೆಂದಿರುವ ಸದಸ್ಯರು, ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಎಂಬ ಯೋಚನೆಯನ್ನು ಮೊದಲು ಬಿಡಬೇಕು. ಹೆಲಿಕಾಪ್ಟರ್ ಇಳಿಸುವ ಎತ್ತರದಲ್ಲಿ ಹದಗೊಳಿಸಿದ ಜಾಡಿರುವುದಿಲ್ಲ. ಮಂಡಿಯುದ್ದದ ಸಡಿಲ ಹಿಮದಲ್ಲಿ ಮಾರ್ಗದರ್ಶಿಯ ಹಿಂದೆಯೇ ಜಾರಬೇಕಾಗುತ್ತದೆ. ಆದ್ದರಿಂದ ಸಾಮಾನ್ಯ ಇಳಿಜಾರುಗಳಲ್ಲಿ ಒಂದೆರಡು ಚಳಿಗಾಲ ಪಳಗಿದ ನಂತರವೇ ಮುಂಗಡ ಕಟ್ಟುವುದು ಲೇಸು.

ತೊಡೆಯ ಬಲಕ್ಕೆ ನಮ್ಮ ಕೋಟೆಯೇ ಸಾಕು. ಹತ್ತುವುದಕ್ಕಿಂತ ಇಳಿಯುವುದು ಇಲ್ಲಿ ಮುಖ್ಯವಾದ್ದರಿಂದ, ಬೆನ್ನಿಗೆ ಏಳೆಂಟು ಕೆಜಿ ಚೀಲ ಹೊತ್ತು, ಮಂಡಿ ಬಾಗಿಸಿ, ನಿಧಾನವಾಗಿ ಮೆಟ್ಟಿಲಿಳಿಯುವುದನ್ನು ಎರಡು ತಿಂಗಳು ಅಭ್ಯಾಸ ಮಾಡಿ. ಆದರೆ ಎತ್ತರದ ತೆಳುಗಾಳಿಗೆ ಇಲ್ಲಿ ಒಗ್ಗಿಕೊಳ್ಳಲಾಗದು. ಗುಲ್ಮಾರ್ಗ್ ಪಟ್ಟಣವೇ ಸುಮಾರು 2,650 ಮೀಟರ್ ಎತ್ತರದಲ್ಲಿರುವುದರಿಂದ ಎರಡು ದಿನ ಮೊದಲೇ ತಲುಪಿರಿ.

ಮೊದಲ ದಿನದ ಹಿಮಕುಸಿತ ತರಬೇತಿಯನ್ನು ಹಗುರವಾಗಿ ಕಾಣಬೇಡಿ. ಟ್ರಾನ್ಸೀವರ್ (ಹಿಮದಡಿ ಸಿಲುಕಿದವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಣ್ಣ ರೇಡಿಯೊ ಸಾಧನ), ಹಿಮದೊಳಗೆ ಚುಚ್ಚಿ ನೋಡುವ ಶೋಧಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಹಿಮದಡಿ ಸಿಲುಕಿದವರ ಉಳಿವು ಮೊದಲ ಹತ್ತು ಹದಿನೈದು ನಿಮಿಷಗಳಲ್ಲೇ ಬಹುಮಟ್ಟಿಗೆ ನಿರ್ಧಾರವಾಗುವುದರಿಂದ, ಹುಡುಕಿ ಅಗೆಯಬೇಕಾದವರು ಜೊತೆಯಲ್ಲಿದ್ದವರೇ. ಟ್ರಾನ್ಸೀವರ್ ಅನ್ನು ಹೊರಕೋಟಿನ ಒಳಗೆ ಕಟ್ಟಿಕೊಂಡು, ಅದರ ಸಂಕೇತಕ್ಕೆ ಅಡ್ಡಿಯಾಗುವ ಮೊಬೈಲನ್ನು ಆಫ್ ಮಾಡಿ ದೂರವಿಡಿ.

ಹೆಲಿಕಾಪ್ಟರ್ ಬಳಿಗೆ ಮಾರ್ಗದರ್ಶಿ ಸನ್ನೆ ಮಾಡಿದ ಮೇಲೆಯೇ, ಪೈಲಟ್‌ಗೆ ಕಾಣುವಂತೆ, ಬಗ್ಗಿಕೊಂಡು ಹೋಗಬೇಕು. ಬಾಲದ ಕಡೆಗೆ ಎಂದಿಗೂ ಸುಳಿಯಬಾರದು. ರೆಕ್ಕೆಗಳ ಗಾಳಿಗೆ ಕೈಗವಸೂ ಹಾರಿಹೋಗುತ್ತದೆ.

ಮೋಡ ಕವಿದರೆ ಹಾರಾಟವಿಲ್ಲ. ಹಾಗಾದಾಗ ಹಣ ಮರಳುತ್ತದೆಯೇ, ವಿಮೆಯಲ್ಲಿ ಈ ಕ್ರೀಡೆ ಮತ್ತು ರಕ್ಷಣಾ ಕಾರ್ಯದ ವೆಚ್ಚ ಸೇರಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.