ಅಕ್ಕಪಕ್ಕದ ಕಂಪ್ಯೂಟರ್‌ಗಳ ನಡುವಿನ ದಾರಿ ಮುಚ್ಚಿ ವರ್ಮ್ ತಡೆದ ನನ್ನ ಅನುಭವ

ಸುಮಾರು ನಾನೂರು ಕಂಪ್ಯೂಟರ್‌ಗಳಿದ್ದ ನೆಟ್‌ವರ್ಕ್‌ನಿಂದ ಕಾನ್‌ಫಿಕರ್ ಎಂಬ ವರ್ಮನ್ನು (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ಹರಡುವ ದುಷ್ಟ ತಂತ್ರಾಂಶ) ಪೂರ್ತಿ ಹೊರಹಾಕಲು ನನಗೆ ಹೆಚ್ಚುಕಡಿಮೆ ಏಳು ತಿಂಗಳು ಹಿಡಿಯಿತು. ಕೊನೆಗೆ ಫಲ ಕೊಟ್ಟ ಉಪಾಯವನ್ನು ಮೊದಲೇ ಸೂಚಿಸಿದ್ದೆನಾದರೂ ಆಗ ಯಾರೂ ಒಪ್ಪಿರಲಿಲ್ಲ.

ಒಂದು ಬೆಳಿಗ್ಗೆ ಹತ್ತಾರು ಜನರ ಖಾತೆಗಳು ಒಮ್ಮೆಲೇ ಲಾಕ್ ಆಗಿದ್ದವು. ಲಾಗ್ (ನಡೆದದ್ದರ ದಾಖಲೆ) ತೆರೆದು ನೋಡಿದರೆ, ವರ್ಮ್ ಊಹಿಸಿ ಪ್ರಯತ್ನಿಸುತ್ತಿದ್ದ ತಪ್ಪು ಪಾಸ್‌ವರ್ಡ್‌ಗಳೆಲ್ಲ ಉಗ್ರಾಣದ ಒಂದೇ ಕಂಪ್ಯೂಟರಿನಿಂದ ಬರುತ್ತಿದ್ದವು. ಮೈಕ್ರೋಸಾಫ್ಟ್ 2008ರ ಅಕ್ಟೋಬರಿನಲ್ಲೇ ಬಿಡುಗಡೆ ಮಾಡಿದ್ದ ಪ್ಯಾಚ್, ಅಂದರೆ ವರ್ಮ್ ನುಗ್ಗುವ ದೋಷವನ್ನು ಮುಚ್ಚುವ ತಿದ್ದುಪಡಿ, ಅದಕ್ಕೆ ಬಿದ್ದಿರಲಿಲ್ಲ. ಆಂಟಿವೈರಸ್ ಓಡಿಸಿ ಸ್ವಚ್ಛಗೊಳಿಸಿದ ಕಂಪ್ಯೂಟರ್‌ಗಳು ಮಧ್ಯಾಹ್ನದೊಳಗೆ ಮತ್ತೆ ಸೋಂಕಿಗೆ ಸಿಕ್ಕಿದವು. ಪ್ಯಾಚ್ ಹಾಕಿದವೂ ಉಳಿಯಲಿಲ್ಲ, ಏಕೆಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ಲೋಕಲ್ ಅಡ್ಮಿನ್ (ಆ ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಒಂದೇ ಆಗಿತ್ತು. ಇದಕ್ಕಿಂತ ದೊಡ್ಡ ತಪ್ಪು ನನ್ನದೇ. ಸೋಂಕಿತ ಕಂಪ್ಯೂಟರನ್ನು ಸರಿಪಡಿಸಲು ನಾನು ಇಡೀ ನೆಟ್‌ವರ್ಕ್‌ನ ಮೇಲೆ ಅಧಿಕಾರವಿರುವ ಡೊಮೇನ್ ಅಡ್ಮಿನ್ ಆಗಿ ಲಾಗಿನ್ ಆಗುತ್ತಿದ್ದೆ, ವರ್ಮ್ ಅದೇ ಅಧಿಕಾರವನ್ನು ಬಳಸಿಕೊಂಡು ಉಳಿದೆಡೆ ತನ್ನನ್ನು ನಕಲು ಮಾಡಿಕೊಳ್ಳುತ್ತಿತ್ತು. ಇದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಆ ವರ್ಷದ ನಿರ್ವಹಣಾ ಹಣದಲ್ಲಿ ಮೂರನೇ ಒಂದು ಪಾಲು ಹೊಸ ಆಂಟಿವೈರಸ್ ಲೈಸೆನ್ಸಿಗೆ ಹೋಗಿತ್ತು. ಮಾರಾಟಗಾರರೊಬ್ಬರು ಸೂಚಿಸಿದ, ಕಂಪ್ಯೂಟರ್‌ಗಳ ಕೇಬಲ್‌ಗಳು ಕೂಡುವ ಪೆಟ್ಟಿಗೆಗಳಾದ ಹೊಸ ಸ್ವಿಚ್‌ಗಳ ಬೆಲೆಯಂತೂ ಇಡೀ ವರ್ಷದ ಹಣವನ್ನೇ ನುಂಗುವಷ್ಟಿತ್ತು. ನನ್ನ ಉಪಾಯಕ್ಕೆ ತಗುಲಿದ್ದು ರಾತ್ರಿ ಪಾಳಿಯ ಭತ್ಯೆ ಮತ್ತು ಮೂಲೆ ಸೇರಿದ್ದ ಒಂದು ಹಳೆಯ ಕಂಪ್ಯೂಟರ್ ಮಾತ್ರ.

ಉಪಾಯ ಸರಳವಾದುದು. ಮೇಜಿನ ಕಂಪ್ಯೂಟರ್‌ಗಳು ಸರ್ವರಿನೊಡನೆ ಮಾತಾಡಬೇಕೇ ಹೊರತು ಪರಸ್ಪರ ಮಾತಾಡಬೇಕಾಗಿಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿಯ ಮೂಲಕ, ಪ್ರತಿಯೊಂದರ ಫೈರ್‌ವಾಲ್‌ನಲ್ಲೂ (ಬೇಡದ ಸಂಪರ್ಕ ತಡೆಯುವ ತಂತ್ರಾಂಶ) ಕಡತ ಹಂಚಿಕೆಗೆ ಬಳಕೆಯಾಗುವ, ಒಳಬರುವ 445 ಮತ್ತು 139ನೇ ಪೋರ್ಟ್‌ಗಳನ್ನು ಮುಚ್ಚಿದೆ. ಕೆಲಸವೇ ನಿಂತುಹೋಗುತ್ತದೆ ಎಂದು ಎಲ್ಲರೂ ಎಚ್ಚರಿಸಿದ್ದರು; ನಿಂತದ್ದು ಎರಡೇ. ಯಾರದೋ ಕಂಪ್ಯೂಟರಿಗೆ ಕಡತ ಕಳುಹಿಸುತ್ತಿದ್ದ ಸ್ಕ್ಯಾನರ್ ಒಂದು, ಲೆಕ್ಕಪತ್ರದವರ ಹಂಚಿಕೆಯ ಫೋಲ್ಡರ್ ಇನ್ನೊಂದು. ಎರಡನ್ನೂ ವಾರದೊಳಗೆ ಸರ್ವರಿಗೆ ಸಾಗಿಸಿದೆ. ಪೆನ್ ಡ್ರೈವ್ ಸಿಕ್ಕಿಸಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವ ಆಟೋರನ್ ನಿಲ್ಲಿಸಿ, ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟೆ.

ಹಳೆಯ ಕಂಪ್ಯೂಟರನ್ನು ಯಾರೂ ಬಳಸದ ವಿಳಾಸಗಳಲ್ಲಿ ಕಾವಲಿಗೆ ಕೂರಿಸಿದೆ. ಅಲ್ಲಿಗೆ ಯಾರಿಗೂ ಕೆಲಸವಿಲ್ಲವಾದ್ದರಿಂದ ಬಾಗಿಲು ಬಡಿದವರೆಲ್ಲ ಶಂಕಿತರೇ. ನಿಗದಿತ ಸಲ ಬಡಿದ ಕಂಪ್ಯೂಟರಿನ ಸ್ವಿಚ್ ಪೋರ್ಟ್ (ಸ್ವಿಚ್‌ನಲ್ಲಿ ಅದರ ಕೇಬಲ್ ಸೇರುವ ಕಿಂಡಿ) ತಾನಾಗಿಯೇ ಮುಚ್ಚಿಕೊಳ್ಳುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಎಷ್ಟು ಸಲ, ಎಷ್ಟು ಹೊತ್ತಿನೊಳಗೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ಹದಗೊಳಿಸಲು ನನಗೆ ಒಂದು ತಿಂಗಳೇ ಬೇಕಾಯಿತು.

2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವರ್ಮ್ ಹರಡಿದಾಗಲೂ ಅದು ನುಗ್ಗಿದ್ದು ಇದೇ 445ರ ಮೂಲಕ. ಆ ವರ್ಮ್ ಒಂದು ನಿರ್ದಿಷ್ಟ ವೆಬ್ ವಿಳಾಸದಿಂದ ಉತ್ತರ ಬಂದರೆ ಸುಮ್ಮನಾಗುತ್ತಿತ್ತು, ಆದರೆ ಪ್ರಾಕ್ಸಿಯನ್ನು (ಇಂಟರ್ನೆಟ್ ಸಂಪರ್ಕವನ್ನು ದಾಟಿಸುವ ಮಧ್ಯವರ್ತಿ ಸರ್ವರ್) ಬಳಸುತ್ತಿರಲಿಲ್ಲವಾದ್ದರಿಂದ, ಪ್ರಾಕ್ಸಿಯ ಮೂಲಕವೇ ಹೊರಹೋಗುವ ನಮ್ಮಂತಹ ನೆಟ್‌ವರ್ಕ್‌ಗೆ ಆ ರಕ್ಷಣೆ ದಕ್ಕುತ್ತಿರಲಿಲ್ಲ. ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ನಮ್ಮ ಡಿಎನ್‌ಎಸ್‌ನಲ್ಲಿ ಆ ಹೆಸರನ್ನು ಒಳಗಿನ ವೆಬ್ ಸರ್ವರಿಗೆ ತಿರುಗಿಸಿದೆ. ಮರುತಿಂಗಳು ಹರಡಿದ ನಾಟ್‌ಪೆಟ್ಯಾ ಎಂಬ ವರ್ಮ್ ತಾನು ಕದ್ದ ಪಾಸ್‌ವರ್ಡ್‌ಗಳಿಂದ ಪ್ಯಾಚ್ ಆದ ಕಂಪ್ಯೂಟರ್‌ಗಳಿಗೂ ನುಗ್ಗಿದ್ದನ್ನು ಕಂಡಾಗ, ಬೇರೆ ಬೇರೆ ಪಾಸ್‌ವರ್ಡಿಗೆ ಪಟ್ಟ ಶ್ರಮ ಸಾರ್ಥಕವೆನಿಸಿತು.

ಆ ಬಳಿಕ ದೀರ್ಘ ರಜೆಯಿಂದ ಮರಳಿದವರೊಬ್ಬರ ಲ್ಯಾಪ್‌ಟಾಪ್ ಕಾವಲಿನ ಬಾಗಿಲು ಬಡಿಯಿತು. ನಿಮಿಷದೊಳಗೆ ಅದರ ಪೋರ್ಟ್ ಮುಚ್ಚಿತು. ಪಕ್ಕದ ಮೇಜಿನ ಕಂಪ್ಯೂಟರಿನ ಫೈರ್‌ವಾಲ್ ಲಾಗ್ ತೆಗೆದು ನೋಡಿದೆ: ಹನ್ನೊಂದು ಪ್ರಯತ್ನಗಳು, ಹನ್ನೊಂದೂ ತಿರಸ್ಕೃತ.